ಐದು ವಾರ ಆಗಿದ್ದರೆ ಗಾಬರಿ ಬೇಡ

ನಮಸ್ಕಾರ. ಟೆಕ್ಸಾಸ್‌ನಲ್ಲಿ ಕೈಬಂದೂಕು ಜೊತೆಯಲ್ಲಿಟ್ಟುಕೊಂಡು ಓಡಾಡುವ ಲೈಸೆನ್ಸಿಗೆ ಅರ್ಜಿ ಹಾಕಿ ಐದು ವಾರ ಆಯ್ತು, ಬೆರಳಚ್ಚೂ ಕೊಟ್ಟಾಯ್ತು, ಇನ್ನೂ ಸುದ್ದಿ ಇಲ್ಲ ಅಂತ ಕೇಳಿದ್ದೀರಿ. ಇದು ತಡವೇನಲ್ಲ. ಲೈಸೆನ್ಸ್ ಕೊಡುವ ಇಲಾಖೆಗೆ ಅಲ್ಲಿನ ಕಾನೂನು 60 ದಿನ ಕೊಟ್ಟಿದೆ. ಆದರೆ ಲೆಕ್ಕ ಶುರುವಾಗುವುದು ನೀವು ಫೀಸು ಕಟ್ಟಿದ ದಿನದಿಂದಲ್ಲ, ಎಲ್ಲ ಕಾಗದ ಪೂರ್ತಿಯಾಗಿ ಅವರ ಕೈ ಸೇರಿದ ದಿನದಿಂದ. ಜಾಸ್ತಿ ಜನ ಎಡವುವುದು ಇಲ್ಲೇ. ನಾನು ತರಬೇತಿಯ ಸರ್ಟಿಫಿಕೇಟ್ ಅಪ್‌ಲೋಡ್ ಮಾಡದೆ ಮೂರು ವಾರ ಸುಮ್ನೆ ಕಾದಿದ್ದೆ. ಇವತ್ತೇ ಆನ್‌ಲೈನ್‌ನಲ್ಲಿ ಸ್ಟೇಟಸ್ ನೋಡಿ, ಏನಾದರೂ ಬಾಕಿ ಇದೆಯಾ ಅಂತ. 60 ದಿನದಲ್ಲಿ ತೀರ್ಮಾನ ಆಗದಿದ್ದರೆ, ಯಾಕೆ ಅಂತ ಅವರೇ ನಿಮಗೆ ತಿಳಿಸಬೇಕು.

2021ರ ಸೆಪ್ಟೆಂಬರ್‌ನಿಂದ ಅಲ್ಲಿ 21 ದಾಟಿದ ಬಹುತೇಕರಿಗೆ ಲೈಸೆನ್ಸ್ ಕಡ್ಡಾಯವಲ್ಲ, ನಿಜ. ಹಾಗಂತ ಅರ್ಜಿ ಬಿಡಬೇಡಿ. ಶಾಲೆಯ ಸುತ್ತ 1000 ಅಡಿಯೊಳಗೆ ಬಂದೂಕು ಇಟ್ಟುಕೊಳ್ಳುವುದಕ್ಕೆ ಕೇಂದ್ರ ಕಾನೂನಿನ ನಿರ್ಬಂಧ ಇದೆ. ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಸಿಗುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ನೀವು ಇನ್ನೂ ಎಚ್1ಬಿಯಲ್ಲಿ, ಅಂದರೆ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರೆ ಮಾತ್ರ ದಯವಿಟ್ಟು ಮೊದಲು ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರ ನಿಯಮವೇ ಬೇರೆ.