'ಎಲ್ಲರೂ ಹೇಡಿಗಳು' ಅಂತ ಬರೆದ ಗೆಳೆಯರಿಗೆ

ನಮಸ್ಕಾರ. 'ದಿ ಇನ್ಸಿಡೆಂಟ್' ಸಿನಿಮಾ ಬಗ್ಗೆ ನೀವು ತೀರ್ಥಹಳ್ಳಿಯಿಂದ ಕಳಿಸಿದ ಲೇಖನ ಓದಿದೆ. 1967ರ ಕಪ್ಪು ಬಿಳುಪು ಚಿತ್ರವನ್ನು ಹುಡುಕಿ ನೋಡಿ, ಬರೆಯಬೇಕು ಅಂತ ನಿಮಗೆ ಅನಿಸಿದ್ದೇ ಸಂತೋಷ. ಭಾಷೆ ತಿಳಿಯಾಗಿದೆ, ಕಾಗುಣಿತ ತಪ್ಪಿಲ್ಲ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಅದರ ಎರಡು ವಾಕ್ಯಗಳು ನಿನ್ನೆಯಿಂದ ನನಗೆ ಕಿರಿಕಿರಿ ಮಾಡುತ್ತಿವೆ, ಅಷ್ಟನ್ನೇ ಹೇಳುತ್ತೇನೆ.

ಮೊದಲನೆಯದು: 'ಬೋಗಿಯಲ್ಲಿದ್ದವರೆಲ್ಲ ಹೇಡಿಗಳು, ಕುರಿಗಳ ಹಾಗೆ ತಲೆ ತಗ್ಗಿಸಿ ಕೂತಿದ್ದರು.'

ಎಲ್ಲ ಅಂದರೆ ಯಾರ್ಯಾರು? ನ್ಯೂಯಾರ್ಕಿನ ನೆಲದಡಿ ಓಡುವ ಸಬ್‌ವೇ ರೈಲಿಗೆ ರಾತ್ರಿ ಹೊತ್ತು ಇಬ್ಬರು ಪುಂಡರು ಹತ್ತಿ ಒಬ್ಬೊಬ್ಬರನ್ನೇ ಕಾಡುತ್ತಾರೆ, ಕಥೆ ಇಷ್ಟೇ. ಆದರೆ ಅಲ್ಲಿಗೆ ಬರುವ ಮೊದಲು ನಿರ್ದೇಶಕ ಲ್ಯಾರಿ ಪಿಯರ್ಸ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಗಮನಿಸಿದಿರಾ? ಪ್ರಯಾಣಿಕರು ಒಬ್ಬೊಬ್ಬರೂ ತಮ್ಮ ಜಗಳ, ತಮ್ಮ ಚಿಂತೆ ಹೊತ್ತುಕೊಂಡೇ ರೈಲು ಹತ್ತುತ್ತಾರೆ. ಮಗನ ವಿಷಯಕ್ಕೆ ಕಿತ್ತಾಡುವ ವಯಸ್ಸಾದ ದಂಪತಿ. ಮಲಗಿದ ಮಗುವನ್ನು ಎತ್ತಿಕೊಂಡ ಗಂಡ ಹೆಂಡತಿ. ಬಿಳಿಯರ ಮೇಲೆ ಒಳಗೊಳಗೇ ಕುದಿಯುತ್ತಿರುವ ಕಪ್ಪು ಜನಾಂಗದವನೊಬ್ಬ. ಪುಂಡರು ಬಿಳಿಯರನ್ನು ಕಾಡುವಾಗ ಇವನು ಖುಷಿಯಿಂದಲೇ ನೋಡುತ್ತಾನೆ, ತನ್ನ ಸರದಿ ಬರುವ ತನಕ. ಇವನನ್ನು ಹೇಡಿ ಅನ್ನಬಹುದಾ? ಅಷ್ಟು ಹೊತ್ತು ಇವನನ್ನು ಸುಮ್ಮನೆ ಕೂರಿಸಿದ್ದು ಸಿಟ್ಟು. ಕೊನೆಗೆ ಪೊಲೀಸರು ಒಳಗೆ ಬಂದು, ಏನು ಎತ್ತ ಅಂತ ಕೇಳದೆ ಮೊದಲು ಹಿಡಿಯುವುದೂ ಇವನನ್ನೇ. ನಿಮ್ಮ ಲೇಖನದಲ್ಲಿ ಈ ಮನುಷ್ಯನೇ ಇಲ್ಲ!

ಎದ್ದು ನಿಲ್ಲುವವನು ಕೈಗೆ ಪ್ಲಾಸ್ಟರ್ ಹಾಕಿಕೊಂಡ ಸೈನಿಕ ಅಂತ ಬರೆದಿದ್ದೀರಿ, ಸರಿ. ಅವನ ಜೊತೆಗೇ ಬಂದ, ಎರಡೂ ಕೈ ಗಟ್ಟಿಯಿದ್ದ ಇನ್ನೊಬ್ಬ ಸೈನಿಕ ಕೂತೇ ಇದ್ದನಲ್ಲ, ಅವನಿಗೆ ಒಂದು ಸಾಲಾದರೂ ಬೇಡವಾ? ಪುಂಡರಲ್ಲೊಬ್ಬನ ಪಾತ್ರ ಮಾಡಿದ ಮಾರ್ಟಿನ್ ಶೀನ್‌ಗೆ ಇದು ಮೊದಲ ಸಿನಿಮಾ, ಸಬ್‌ವೇಯವರು ಚಿತ್ರೀಕರಣಕ್ಕೆ ಅನುಮತಿ ಕೊಡದೆ ಬೋಗಿಯ ಸೆಟ್ ಹಾಕಬೇಕಾಯಿತು, ಇದಕ್ಕೆಲ್ಲ ಮಾತ್ರ ಇಡೀ ಪುಟ ಕೊಟ್ಟಿದ್ದೀರಿ.

ಅದೇ ನ್ಯೂಯಾರ್ಕ್ ಸಬ್‌ವೇಯಲ್ಲಿ ಪಿಲಿಯಾವಿನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1969ರಲ್ಲಿ ಪ್ರಕಟವಾಯಿತು. ಓಡುವ ರೈಲಿನಲ್ಲಿ ಒಬ್ಬ ಬೇಕೆಂದೇ ಕುಸಿದು ಬೀಳುತ್ತಿದ್ದ. ಕೈಯಲ್ಲಿ ಊರುಗೋಲು ಇದ್ದಾಗ 65 ಸಲದಲ್ಲಿ 62 ಸಲ ಯಾರಾದರೂ ತಾವಾಗಿಯೇ ಎದ್ದು ಬಂದು ಎತ್ತಿದರು. ಮೈಯಿಂದ ಹೆಂಡದ ವಾಸನೆ ಬರುತ್ತಿದ್ದಾಗ 38ರಲ್ಲಿ 19 ಸಲ. ಅಂದರೆ ಏಳಬೇಕೋ ಬೇಡವೋ ಅಂತ ಜನ ಒಳಗೇ ಲೆಕ್ಕ ಹಾಕುತ್ತಾರೆ, ಮತ್ತು ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ಸಿನಿಮಾದಲ್ಲೂ ಎಲ್ಲ ಮುಗಿದ ಮೇಲೆ ನೆಲದಲ್ಲಿ ಬಿದ್ದ ಕುಡುಕನನ್ನು ದಾಟಿಕೊಂಡೇ ಜನ ಇಳಿದು ಹೋಗುತ್ತಾರೆ. ಚಾಕು ಹೊರಬರುವ ಎಷ್ಟೋ ಮೊದಲೇ ನನ್ನ ಅಂಗೈ ಬೆವರಿದ್ದು ಈ ಲೆಕ್ಕಗಳನ್ನು ನೋಡಿ. 'ಎಲ್ಲ' ಅಂತ ಬರೆದ ಕೂಡಲೇ ಅದೆಲ್ಲ ಹೋಯಿತು.

ಎರಡನೆಯ ವಾಕ್ಯ: 'ನಮ್ಮ ಮಲೆನಾಡಿನ ಬಸ್ಸಿನಲ್ಲಿ ಇಂಥದ್ದು ಸಾಧ್ಯವೇ ಇಲ್ಲ, ನಮ್ಮ ಜನ ಬಿಟ್ಟಾರೆಯೇ?'

ಬಿಟ್ಟಿದ್ದಾರೆ. ಶಿವಮೊಗ್ಗದಿಂದ ನಿಮ್ಮೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರೇ ಅಲ್ವಾ ನೀವು? ಗಾಜನೂರು ದಾಟಿ ಸಕ್ರೆಬೈಲು ಬಂತೆಂದರೆ ಹೊರಗೆ ಬರೀ ಕಾಡು, ಕತ್ತಲೆ. ಬೇಡ ಅನಿಸಿದರೂ ಇಳಿಯುವುದೆಲ್ಲಿ?

ನಾನು ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಅದೇ ದಾರಿಯ ಕೊನೆಯ ಬಸ್ಸಿನಲ್ಲಿ ಕುಡಿದವನೊಬ್ಬ ಕಾಲೇಜು ಹುಡುಗಿಗೆ ತೊಂದರೆ ಕೊಟ್ಟ ಸುದ್ದಿ ಬಂತು. 'ಪ್ರಯಾಣಿಕರು ಮೂಕಪ್ರೇಕ್ಷಕರಾಗಿದ್ದರು' ಅಂತ ಬಿಡಿ ವರದಿಗಾರರು ಬರೆದಿದ್ದರು. ನಮ್ಮ ಸಂಪಾದಕರು ಆ ಸಾಲಿಗೆ ಕೆಂಪು ಗೀಟು ಎಳೆದು, ಹಾಳೆಯ ಹಿಂದೆ ಬಸ್ಸಿನ ಸೀಟುಗಳನ್ನು ಗೀಚಿದರು, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. 'ಇದನ್ನ ತುಂಬಿಸ್ಕೊಂಡು ಬಾ' ಅಂತ ನನ್ನ ಕೈಗೆ ಕೊಟ್ಟರು.

ಕಂಡಕ್ಟರನ್ನು ಹಿಡಿದು, ಅವರಿವರ ಮನೆ ವಿಚಾರಿಸಿಕೊಂಡು ಹೋದೆ. ಮುಂದಿನ ಸೀಟಿನ ಯಜಮಾನರು ಅಡಿಕೆ ಮಂಡಿಯ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು, ತಳ್ಳಾಟ ನೂಕಾಟ ಅವರಿಗೆ ಬೇಡವಾಗಿತ್ತು. ಅವರ ಹಿಂದೆ, ಆಪರೇಷನ್ ಆದ ಗಂಡನನ್ನು ಭುಜಕ್ಕೆ ಒರಗಿಸಿಕೊಂಡ ಹೆಂಗಸು. ಒಬ್ಬ ಹುಡುಗನ ಮನೆ ಆ ಕುಡುಕನ ಮನೆಯ ಎದುರಿಗೇ ಇತ್ತು. 'ಅವನು ದಿನಾ ನನ್ನ ಬಸ್ಸಿಗೇ ಬರ್ತಾನೆ ಸಾರ್' ಅಂದ ಕಂಡಕ್ಟರ್. ಮಂಡಗದ್ದೆಯಲ್ಲಿ ಹತ್ತಿದ ಅಜ್ಜಿಯೊಬ್ಬರು ಮಾತ್ರ ಬುಟ್ಟಿ ಸರಿಸಿ, 'ಬಾರೇ ಮಗ, ಇಲ್ಲಿ ಕೂತ್ಕ' ಅಂತ ಹುಡುಗಿಯನ್ನು ಕಿಟಕಿ ಪಕ್ಕಕ್ಕೆ ಕರೆದುಕೊಂಡರಂತೆ. ಕುಡುಕನ ಹತ್ತಿರ ಅವರು ಒಂದು ಮಾತೂ ಆಡಲಿಲ್ಲ. ಸುದ್ದಿ ಎರಡು ಕಾಲಂ ಬಂತು. ಮೂಕಪ್ರೇಕ್ಷಕರು ಅನ್ನುವ ಪದ ಅದರಲ್ಲಿ ಬೇಕಾಗಲೇ ಇಲ್ಲ.

ನೀವೂ ಒಂದು ಹಾಳೆಯ ಮೇಲೆ ಆ ಬೋಗಿಯ ಸೀಟು ಬರೆದುಕೊಂಡು ಸಿನಿಮಾ ಇನ್ನೊಮ್ಮೆ ನೋಡಿ. ಯಾರು ಎಲ್ಲಿ ಕೂತಿದ್ದಾರೆ, ಯಾರು ಯಾವಾಗ ಕಣ್ಣು ತಪ್ಪಿಸುತ್ತಾರೆ, ಗುರುತು ಹಾಕಿ. ಆಮೇಲೆ ಒಬ್ಬರನ್ನು ಆರಿಸಿ ಅವರ ಬಗ್ಗೆಯೇ ಜಾಸ್ತಿ ಬರೆಯಿರಿ. ನನ್ನನ್ನು ಕೇಳಿದರೆ ಆ ಇನ್ನೊಬ್ಬ ಸೈನಿಕ. ಮಾರ್ಟಿನ್ ಶೀನ್‌ಗೆ ಎರಡು ಸಾಲು ಸಾಕು. ಮಲೆನಾಡಿನ ಪ್ಯಾರಾ ಪೂರ್ತಿ ತೆಗೆಯಿರಿ. ಇರಲೇಬೇಕು ಅನಿಸಿದರೆ ನೀವೇ ಕಣ್ಣಾರೆ ಕಂಡ ಒಂದು ಬಸ್ಸಿನ ಬಗ್ಗೆ ಬರೆಯಿರಿ. ಅವಸರವಿಲ್ಲ, ಆದರೆ ಖಂಡಿತ ಕಳಿಸಿ.