‘ಲಿವರ್ ಕ್ಲಾಟ್’ ಅಂದರೆ ಲಿವರ್ ಕೆಟ್ಟಿದೆ ಅಂತಲ್ಲ

ಪ್ರಶ್ನೆ: ಹೋದ ವಾರ ಅಮ್ಮನ ದವಡೆ ಹಲ್ಲು ಕೀಳಿಸಿದೆವು. ರಾತ್ರಿಯೆಲ್ಲ ರಕ್ತ ಒಸರುತ್ತಿತ್ತು. ಬೆಳಿಗ್ಗೆ ನೋಡಿದರೆ ಆ ಜಾಗದಲ್ಲಿ ಕಪ್ಪುಗೆಂಪು ಮುದ್ದೆ. ಡಾಕ್ಟರು ಅದನ್ನು ತೆಗೆದು ಚೀಟಿಯಲ್ಲಿ ‘ಲಿವರ್ ಕ್ಲಾಟ್’ ಎಂದು ಬರೆದಿದ್ದಾರೆ. ಅಮ್ಮನಿಗೆ ಯಾವತ್ತೂ ಕಾಮಾಲೆ ಬಂದಿಲ್ಲ. ಲಿವರ್ ಸ್ಕ್ಯಾನ್ ಮಾಡಿಸಬೇಕಾ?
– ಓದುಗರು, ತಿಪಟೂರು

ಉತ್ತರ: ಈ ಮುದ್ದೆಗೋಸ್ಕರ ಸ್ಕ್ಯಾನ್ ಬೇಡ. ಅದು ಬಣ್ಣ ನೋಡಿ ಇಟ್ಟ ಹೆಸರು, ಅಷ್ಟೇ. ಮಟನ್ ಅಂಗಡಿಯಲ್ಲಿ ಕುರಿಯ ಲಿವರ್ ನೋಡಿದ್ದೀರಲ್ವಾ? ಅದೇ ಕಪ್ಪುಗೆಂಪು, ಅದೇ ನುಣುಪು.

ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪು ಬಿಗಿಯಾಗಿ ಕೂರಬೇಕು. ರಕ್ತ ನಿಧಾನಕ್ಕೆ ಒಸರುತ್ತಲೇ ಇದ್ದರೆ ಅದು ಕೂರುವುದಿಲ್ಲ. ಮೇಲಕ್ಕೆ ಉಬ್ಬಿ, ನಾಲಿಗೆ ತಾಗಿದರೆ ಅಲುಗಾಡುವ ಜೆಲ್ಲಿಯಂತಾಗುತ್ತದೆ. ನೋಡುವುದಕ್ಕೆ ರಕ್ತ ಹೆಪ್ಪುಗಟ್ಟಿದ ಹಾಗೆ ಕಂಡರೂ ಅಡಿಯಲ್ಲಿ ಒಸರು ನಿಂತಿರುವುದಿಲ್ಲ. ಅದಕ್ಕೇ ಡಾಕ್ಟರು ಮುದ್ದೆ ತೆಗೆದು, ಗುಳಿ ಶುಚಿ ಮಾಡಿ, ಮತ್ತೆ ಗಾಜ್ (ಮಡಚಿದ ಬ್ಯಾಂಡೇಜ್ ಬಟ್ಟೆ) ಕಚ್ಚಿಸುತ್ತಾರೆ.

ಹೀಗಾಗುವುದಕ್ಕೆ ಹೆಚ್ಚಿನ ಸಲ ನಮ್ಮದೇ ಕೈವಾಡ ಇರುತ್ತದೆ. ಐದು ನಿಮಿಷಕ್ಕೊಮ್ಮೆ ಗಾಜ್ ತೆಗೆದು ‘ನಿಂತಿತಾ’ ಎಂದು ಕನ್ನಡಿ ನೋಡುವುದು, ಉಗಿಯುವುದು, ಬಾಯಿ ಮುಕ್ಕಳಿಸುವುದು. ಅರ್ಧ ಮುಕ್ಕಾಲು ಗಂಟೆ ಒಂದೇ ಸಮ ಕಚ್ಚಿ ಕೂತರೆ ಬಹಳ ಜನರಿಗೆ ಅಷ್ಟೇ ಸಾಕು. ಒಂದು ವಿಷಯ ಮಾತ್ರ ವಿಚಾರಿಸಿ: ಅಮ್ಮ ಹೃದಯಕ್ಕೆ ಆಸ್ಪಿರಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಇದ್ದರೆ ದಂತವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಗಾಜ್ ಕಚ್ಚಿದ ಮೇಲೂ ಮತ್ತೆ ಮತ್ತೆ ಒಸರಿದರೆ ಆಗ ರಕ್ತ ಪರೀಕ್ಷೆಯ ಮಾತು ಬರುತ್ತದೆ.

ಪ್ರಶ್ನೆ: ನಮ್ಮ ಮಾವನವರಿಗೆ ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇದೆ. ಎಸ್‌ಜಿಪಿಟಿ 34, ಅಂದರೆ ನಾರ್ಮಲ್. ಆದರೂ ಹಲ್ಲಿನ ಡಾಕ್ಟರು ಹಲ್ಲು ಕೀಳದೆ ವಾಪಸ್ ಕಳಿಸಿ, ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ), ಪ್ಲೇಟ್‌ಲೆಟ್ ಮಾಡಿಸಿ ಅಂದರು. ಐಎನ್ಆರ್ 1.7, ಪ್ಲೇಟ್‌ಲೆಟ್ 62 ಸಾವಿರ ಬಂದಿದೆ. ಲಿವರ್ ರಿಪೋರ್ಟ್ ಚೆನ್ನಾಗಿದ್ದರೂ ಇದೆಲ್ಲ ಸುಮ್ನೆ ಖರ್ಚಲ್ಲವೇ?
– ಓದುಗರು, ಹಾವೇರಿ

ಉತ್ತರ: ಅಲ್ಲ. ಎಸ್‌ಜಿಪಿಟಿ ನಾರ್ಮಲ್ ಇದ್ದರೆ ಲಿವರ್ ಚೆನ್ನಾಗಿದೆ ಎಂದು ತುಂಬಾ ಜನ ನಂಬುತ್ತಾರೆ. ತಪ್ಪು ರಿಪೋರ್ಟಿನ ಹೆಸರಿನದು. ‘ಲಿವರ್ ಫಂಕ್ಷನ್ ಟೆಸ್ಟ್’ ಎಂಬ ತಲೆಬರಹದ ಕೆಳಗೆ ಇದನ್ನೂ ಸೇರಿಸಿರುತ್ತಾರೆ, ಆದರೆ ಇದು ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದೇ ಇಲ್ಲ. ಲಿವರಿನ ಜೀವಕೋಶಗಳ ಒಳಗಿರುವ ಎಂಜೈಮು ಇದು. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತದೆ. ಸಿರೋಸಿಸ್ ಮುಂದುವರಿದವರಲ್ಲಿ ಸೋರುವುದಕ್ಕೆ ಕೋಶಗಳೇ ಕಡಿಮೆ ಉಳಿದಿರುತ್ತವೆ. ನೀರೇ ಇಲ್ಲದ ಕೊಡ ಸೋರುವುದಾದರೂ ಹೇಗೆ?

ಕೆಲಸದ ಲೆಕ್ಕ ಬೇಕಾದರೆ ಲಿವರ್ ತಯಾರಿಸುವ ವಸ್ತುಗಳನ್ನು ನೋಡಬೇಕು. ಆಲ್ಬುಮಿನ್ ಎಂಬ ಪ್ರೋಟೀನು ಒಂದು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಇನ್ನೊಂದು, ಬಹುಪಾಲು ಅಲ್ಲೇ ತಯಾರಾಗುತ್ತವೆ. ಅವು ಕಡಿಮೆಯಾದರೆ ಐಎನ್ಆರ್ ಏರುತ್ತದೆ. ಆರೋಗ್ಯವಂತರಲ್ಲಿ ಅದು 1ರ ಆಸುಪಾಸು.

ಆದರೆ 1.7 ನೋಡಿ ರಕ್ತ ನೀರಾಗಿದೆ ಎಂದು ಹೆದರುವುದೂ ಬೇಡ. ಈ ಅಳತೆ ಹುಟ್ಟಿದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗಾಗಿ. ಸಿರೋಸಿಸ್‌ನಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನೂ ಕಡಿಮೆ, ಹೆಪ್ಪು ತಡೆಯುವ ಪ್ರೋಟೀನೂ ಕಡಿಮೆ. ತಕ್ಕಡಿಯ ಎರಡೂ ತಟ್ಟೆ ಹಗುರ. ಐಎನ್ಆರ್ ಒಂದೇ ತಟ್ಟೆ ನೋಡುತ್ತದೆ.

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ನಮ್ಮಲ್ಲಿ ಈ ಪದ ಎಲ್ಲರಿಗೂ ಗೊತ್ತಾಗಿದ್ದು ಡೆಂಗಿಯಿಂದ. ಇಲ್ಲಿ ಕಾರಣ ಬೇರೆ. ಲಿವರ್ ಗಟ್ಟಿಯಾದಾಗ ಅದರೊಳಕ್ಕೆ ಹೋಗಬೇಕಾದ ರಕ್ತ ಹಿಂದೆ ನಿಲ್ಲುತ್ತದೆ. ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಡೆಂಗಿಯ ಹಾಗೆ ವಾರದಲ್ಲಿ ಏರುವುದಿಲ್ಲ.

50 ಸಾವಿರದ ಮೇಲಿದ್ದರೆ ಸಾಮಾನ್ಯವಾಗಿ ಒಂದು ಹಲ್ಲು ಕೀಳಬಹುದು. ಗುಳಿಗೆ ಸ್ಪಂಜು ಇಟ್ಟು ಹೊಲಿಗೆ ಹಾಕುತ್ತಾರೆ. ಲಿವರ್ ಡಾಕ್ಟರ ಒಪ್ಪಿಗೆ ಪತ್ರ ತನ್ನಿ. ಬೆಳಗಿನ ಹೊತ್ತು ಮಾಡಿಸಿದರೆ ವಾಸಿ. ಮಧ್ಯಾಹ್ನ ಒಸರಿದರೂ ಡಾಕ್ಟರು ಸಿಗುತ್ತಾರೆ.

ನನಗೆ ಹಲ್ಲು ಕೀಳುವುದಕ್ಕಿಂತ ಜಾಸ್ತಿ ಚಿಂತೆ ಆಮೇಲಿನ ನೋವಿನ ಮಾತ್ರೆಯದು. ಮೆಡಿಕಲ್ ಶಾಪಿನಲ್ಲಿ ‘ಹಲ್ಲುನೋವಿಗೆ ಕೊಡಿ’ ಅಂದರೆ ಬಹಳ ಸಲ ಡೈಕ್ಲೋಫಿನಾಕ್ ಅಥವಾ ಐಬುಪ್ರೊಫೆನ್ ಸೇರಿದ ಮಾತ್ರೆ ಕೊಡುತ್ತಾರೆ. ಮಾವನವರಿಗೆ ಅದು ಬೇಡವೇ ಬೇಡ. ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು, ಕಿಡ್ನಿಗೂ ಪೆಟ್ಟು. ಬರೀ ಪ್ಯಾರಾಸಿಟಮಾಲ್ ಸಾಕು. ಅದೂ ದಿನಕ್ಕೆ 2 ಗ್ರಾಂ, ಅಂದರೆ 500ರ ಮಾತ್ರೆ ನಾಲ್ಕನ್ನು ಮೀರದಂತೆ, ಅವರ ಡಾಕ್ಟರನ್ನು ಕೇಳಿಕೊಂಡು.

ಪ್ರಶ್ನೆ: ಹಳೆಯ ರಿಪೋರ್ಟಿನಲ್ಲಿ ‘ಆಸ್ಟ್ರೇಲಿಯಾ ಆ್ಯಂಟಿಜನ್ ಪಾಸಿಟಿವ್’ ಎಂದಿದೆ. ನಾನು ಬೆಂಗಳೂರು ಬಿಟ್ಟು ಆಚೆ ಹೋದವನಲ್ಲ! ಏನಿದು?
– ಓದುಗರು, ಬೆಂಗಳೂರು

ಉತ್ತರ: 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರಿಗೆ ಇದು ಸಿಕ್ಕಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಅದಕ್ಕೇ ಆ ಹೆಸರು. ಈಗಿನ ಹೆಸರು ಎಚ್‌ಬಿಎಸ್‌ಎಜಿ, ಹೆಪಟೈಟಿಸ್ ಬಿ ವೈರಸ್‌ನ ಹೊರಮೈಯ ಪ್ರೋಟೀನು. ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಲಿವರ್ ಡಾಕ್ಟರನ್ನು ಕಾಣಿ. ಜೊತೆಗೆ ಕೂತು ಊಟ ಮಾಡಿದರೆ ಅಂಟುವುದಿಲ್ಲ. ಮನೆಯವರು ರಕ್ತ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಲಿ. ಹಲ್ಲಿನ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಿಮ್ಮ ಟೂತ್‌ಬ್ರಷ್, ರೇಜರ್ ಬೇರೆಯೇ ಇರಲಿ. ಒಂದೇ ಲೋಟದಲ್ಲಿ ಎಲ್ಲರ ಬ್ರಷ್ ನಿಲ್ಲಿಸಿದ್ದರೆ ನಿಮ್ಮದನ್ನು ಇವತ್ತೇ ತೆಗೆದಿಡಿ.