ಸೌರಕೋಶದ ಬಿರುಕು ಮತ್ತು ಎರಡು ಅಂಕಿ: ಓದುಗರ ಪ್ರಶ್ನೆಗಳು

ಪ್ರಶ್ನೆ: ಬಣ್ಣದಿಂದ ಬೆಳಕು ಹೀರುವ ಡೈ ಸೌರಕೋಶಕ್ಕೆಂದು ಟೈಟಾನಿಯಂ ಡೈಆಕ್ಸೈಡ್ ನ್ಯಾನೋಪುಡಿಯನ್ನು ಗಾಜಿಗೆ ಸವರಿ ಸುಡುತ್ತೇವೆ. ಕುಲುಮೆಯಿಂದ ತೆಗೆದರೆ ಬತ್ತಿದ ಕೆರೆಯಂಗಳದಂತೆ ಬಿರುಕು, ಅಲ್ಲಲ್ಲಿ ಹಕ್ಕಳೆ. ಪುಡಿಯೇ ಸರಿಯಿಲ್ಲವೇ?
– ಎಂಎಸ್ಸಿ ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಪುಡಿಯನ್ನು ದೂರುವ ಮೊದಲು ಟೇಪು ಎಣಿಸಿ. ಸವರುವ ದಪ್ಪ ಹಿಡಿತದಲ್ಲಿರಲು ಗಾಜಿನ ಅಂಚಿಗೆ ಅಂಟಿಸುವ ಟೇಪು ಒಂದೇ ಪದರ ಸಾಕು. ಅದರ ದಪ್ಪ ಸುಮಾರು 50 ಮೈಕ್ರಾನ್. ಆರಿ ಸುಟ್ಟ ಮೇಲೆ ಉಳಿಯುವುದು 10 ಮೈಕ್ರಾನ್ ಆಸುಪಾಸು. ಎರಡು ಪದರ ಹಾಕಿದಿರೋ, ಬಿರುಕು ಬಿಟ್ಟಂತೆಯೇ. ಬಿರುಕು ಹುಟ್ಟುವುದು ಹೆಚ್ಚಾಗಿ ಕುಲುಮೆಯಲ್ಲಲ್ಲ, ಆರುವಾಗ. ನೀರು ಹೋಗುತ್ತ ಹೋಗುತ್ತ ಕಣಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಕೆಳಗಿನ ಗಾಜು ಜಗ್ಗುವುದಿಲ್ಲ, ದಪ್ಪ ಪದರ ಹರಿಯುತ್ತದೆ. ಫ್ಯಾನಿನ ಕೆಳಗೆ ಒಣಗಿಸಬೇಡಿ. ಮೇಲೊಂದು ಪೆಟ್ರಿ ತಟ್ಟೆ ಮುಚ್ಚಿ, ನಿಧಾನವಾಗಿ ಆರಲಿ.

ಅರೆಯುವಾಗಲೂ ಅವಸರ ಬೇಡ. 6 ಗ್ರಾಂ ಪಿ25 ಎಂಬ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಪಿಎಚ್ 3–4 ಇರುವ ತೆಳು ಅಸಿಟಿಕ್ ಆಮ್ಲ 9 ಮಿಲಿಲೀಟರ್. ಒಂದೊಂದೇ ಮಿಲಿಲೀಟರ್ ಹಾಕುತ್ತ ಪಿಂಗಾಣಿ ಕಲ್ಬತ್ತಿನಲ್ಲಿ ಅರ್ಧ ಗಂಟೆ ಅರೆಯಿರಿ. ಆಮ್ಲದಿಂದ ಕಣಗಳಿಗೆಲ್ಲ ಒಂದೇ ಬಗೆಯ ವಿದ್ಯುದಾವೇಶ ಬಂದು ಅವು ಒಂದನ್ನೊಂದು ದೂಡುತ್ತವೆ, ಗಂಟು ಬಿಚ್ಚುತ್ತದೆ. ಒಮ್ಮೆಗೇ ಸುರಿದರೆ ಗಂಟು ಗಂಟಾಗಿಯೇ ಉಳಿದು, ಗಾಜಿನ ಕಡ್ಡಿಯಿಂದ ಎಳೆದಾಗ ಗೀರು ಬೀಳುತ್ತದೆ. ಟ್ರೈಟಾನ್ (ಸೋಪಿನಂಥ ದ್ರವ) ಒಂದು ಹನಿ ಕೊನೆಗೆ ಹಾಕಿ. ಆಮೇಲೆ ಅರೆಯಬೇಡಿ, ನೊರೆ ಬರುತ್ತದೆ. ಗುಳ್ಳೆ ಹೋಗಲು ಕಾಲು ಗಂಟೆ ಬಿಡಿ.

ಹಕ್ಕಳೆಗೆ ಬೆರಳಿನ ಜಿಡ್ಡೇ ಕಾರಣವಿದ್ದೀತು. ಗಾಜನ್ನು ಸೋಪುನೀರು, ಬಟ್ಟಿ ಇಳಿಸಿದ ನೀರು, ಎಥನಾಲ್, ಈ ಕ್ರಮದಲ್ಲಿ ತೊಳೆದು ಅಂಚಿನಲ್ಲಷ್ಟೇ ಹಿಡಿಯಿರಿ. ಮಲ್ಟಿಮೀಟರಿನಿಂದ ವಿದ್ಯುತ್ ಹರಿಯುವ ಮುಖ ಯಾವುದೆಂದು ನೋಡಿಕೊಂಡೇ ಸವರಿ. ಗಾಜಿನ ವಾಹಕ ಲೇಪನ ಐಟಿಒ (ಇಂಡಿಯಂ ಟಿನ್ ಆಕ್ಸೈಡ್) ಆಗಿದ್ದರೆ ಸುಡುವ ಶಾಖಕ್ಕೆ ಅದರ ರೋಧ ಏರುತ್ತದೆ, ಫ್ಲೋರಿನ್ ಬೆರೆಸಿದ ಟಿನ್ ಆಕ್ಸೈಡಾದ ಎಫ್‌ಟಿಒ ತಡೆದುಕೊಳ್ಳುತ್ತದೆ. 450 ಡಿಗ್ರಿಯಲ್ಲಿ 30 ನಿಮಿಷ ಸುಡಬೇಕು. ಕಾಯುತ್ತಿರುವಾಗ ಪದರ ಕಂದಾಗುತ್ತದೆ, ಹೆದರಬೇಡಿ, ಟ್ರೈಟಾನ್ ಉರಿಯುತ್ತಿದೆ, ಮತ್ತೆ ಬೆಳ್ಳಗಾಗುತ್ತದೆ. ಕುಲುಮೆ ಆರಿಸಿ 80 ಡಿಗ್ರಿಗೆ ಇಳಿಯುವವರೆಗೆ ಬಾಗಿಲು ತೆರೆಯಬೇಡಿ. ಹಾಗೆ ಬೆಚ್ಚಗಿರುವಾಗಲೇ ಬಣ್ಣಕ್ಕೆ ಅದ್ದಿದರೆ ಗಾಳಿಯ ತೇವ ರಂಧ್ರಗಳಿಗೆ ಕೂರುವುದಿಲ್ಲ. ದಾಸವಾಳ, ನೇರಳೆ ಹಣ್ಣಿನ ಬಣ್ಣ ಕಲಿಕೆಗೆ ಸರಿ, ಆದರೆ ಶೇ 1ರ ದಕ್ಷತೆಯನ್ನೂ ನಿರೀಕ್ಷಿಸಬೇಡಿ.

ಪ್ರಶ್ನೆ: ಬೆಳಕು ಹೀರಲು ಒಂದು ಬಗೆಯ ಹರಳಿನ ಪದರ ಬಳಸುವ ನಮ್ಮ ಪೆರೊವ್‌ಸ್ಕೈಟ್ ಕೋಶಕ್ಕೆ ವೋಲ್ಟೇಜ್ ಇಳಿಸುತ್ತ ಅಳೆದರೆ ದಕ್ಷತೆ ಶೇ 17, ಏರಿಸುತ್ತ ಅಳೆದರೆ ಶೇ 13. ಯಾವುದನ್ನು ಬರೆಯುವುದು?
– ಪೋಸ್ಟ್‌ಡಾಕ್ ಸಂಶೋಧಕ, ಮೈಸೂರು

ಉತ್ತರ: ಎರಡನ್ನೂ. ಪದರದೊಳಗೆ ಅಯೋಡೈಡ್ ಅಯಾನುಗಳು ಓಡಾಡುವುದರಿಂದ, ಅಳೆಯುವ ದಿಕ್ಕು ಮತ್ತು ವೇಗ ಬದಲಾದರೆ ವೋಲ್ಟೇಜ್–ಪ್ರವಾಹದ ರೇಖೆಯೂ ಬದಲಾಗುತ್ತದೆ. ಗರಿಷ್ಠ ಶಕ್ತಿಯ ವೋಲ್ಟೇಜಿನಲ್ಲಿ 5 ನಿಮಿಷ ಹಿಡಿದು, ಸ್ಥಿರವಾಗಿ ನಿಂತ ಅಂಕಿಯನ್ನೇ ಮುಖ್ಯವೆಂದು ಕೊಡಿ. ಇನ್ನೊಂದು, ಕೋಶದ ಮೇಲೆ ಮಾಸ್ಕ್ ಹಾಕಿದ್ದೀರಾ? 0.16 ಚದರ ಸೆಂ.ಮೀ. ಕಿಂಡಿಯ ಕಪ್ಪು ತಗಡು ಇಲ್ಲದಿದ್ದರೆ ಪಕ್ಕದಿಂದಲೂ ಬೆಳಕು ನುಗ್ಗಿ ಪ್ರವಾಹ ಉಬ್ಬುತ್ತದೆ. ಪೆರೊವ್‌ಸ್ಕೈಟ್ ಬಗೆಯ ಮೀಥೈಲ್ ಅಮೋನಿಯಂ ಲೆಡ್ ಅಯೋಡೈಡ್‌ನಲ್ಲಿ ಚದರ ಸೆಂ.ಮೀ.ಗೆ 27 ಮಿಲಿ ಆಂಪಿಯರ್ ದಾಟಿತೆಂದರೆ ಅದು ಸಾಧನೆಯಲ್ಲ, ಅಳತೆಯ ತಪ್ಪು.

ಪ್ರಶ್ನೆ: ಮಗಳು ಪಿಎಚ್‌ಡಿ ಮುಗಿಸಿದಳು. ಈಗ ಪೋಸ್ಟ್‌ಡಾಕ್ ಅನ್ನುತ್ತಾಳೆ. ಇನ್ನೂ ಓದೇ ಮುಗಿದಿಲ್ಲವೇ ಸ್ವಾಮಿ?
– ಒಬ್ಬ ತಂದೆ, ಮದ್ದೂರು

ಉತ್ತರ: ಓದು ಮುಗಿದಿದೆ, ಇದು ಪಿಎಚ್‌ಡಿ ನಂತರದ ಸಂಶೋಧನೆಯ ಕೆಲಸ. ತಿಂಗಳಿಗೆ ಫೆಲೋಶಿಪ್ ಬರುತ್ತದೆ, ಆದರೆ ಕಾಯಂ ಅಲ್ಲ. ಸಾಮಾನ್ಯವಾಗಿ ಎರಡು ವರ್ಷ, ಮುಂದೆ ಮತ್ತೆ ಅರ್ಜಿ. ಅವರದು ಸೌರಕೋಶದ ಕೆಲಸವಾದರೆ, ಹಿಂದಿನ ಸಂಜೆ ಬಣ್ಣಕ್ಕೆ ಅದ್ದಿಟ್ಟ ಗಾಜನ್ನು ಮಾರನೇ ದಿನ ತೆಗೆಯಲೇಬೇಕು, ಅದು ಭಾನುವಾರವಾದರೂ. ಆ ಹೊತ್ತಿನಲ್ಲಿ ಫೋನ್ ಎತ್ತದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಕೈಗವಸು ಹಾಕಿಕೊಂಡಿರುತ್ತಾರೆ.